ಒಳಹಜಾರದ ಎಲೆ

ಆಲೆಮನೆಯ ಒಲೆ ಆರಿದ ದಿನದಿಂದ ಮರಿಸಿದ್ದಯ್ಯನಿಗೆ ಕೆಲಸವೂ ಇಲ್ಲ, ಮಾತೂ ಇಲ್ಲ. ಕಬ್ಬು ಅರೆಯುವ ತಿಂಗಳುಗಳಲ್ಲಿ ಕೊಪ್ಪದ ಗೌಡರ ಆಲೆಮನೆಯ ಹಿಂಬದಿ ಕೂತು ಒಲೆಗೆ ಒಣಸಿಪ್ಪೆ ತುರುಕುವುದು ಅವನ ಕೆಲಸ. ಗೋಡೆಯ ಆಚೆ ಬೆಲ್ಲ ಅಚ್ಚಿಗೆ ಸುರಿಯುವವರು ಹರಟೆ ಹೊಡೆಯುತ್ತಿದ್ದರೆ ಈಚೆ ಇವನು ಕೇಳಿಸಿಕೊಂಡು ತನ್ನಷ್ಟಕ್ಕೆ ನಗುತ್ತಿದ್ದ. ಸುಗ್ಗಿ ಮುಗಿದರೆ ಆ ನಗುವೂ ಇಲ್ಲ. ಹೆಂಡತಿ ಇಂದ್ರಮ್ಮ ಹೋದ ಮಳೆಗಾಲದಲ್ಲಿ ಚಳಿಜ್ವರ ಬಂದು ಸತ್ತಿದ್ದಳು. ಅದಕ್ಕೆ ಮಾತ್ರೆ ಇದೆ ಅಂತ ಊರಿಗೆಲ್ಲ ಗೊತ್ತಿತ್ತು. ಮಾತ್ರೆ ಊರೊಳಗೆ ಬಂದಿತ್ತು, ಕೇರಿಗೆ ಬರಲಿಲ್ಲ.

ಬೆಳಿಗ್ಗೆ ಒಂದು ಮುದ್ದೆ ಕಟ್ಟಿಕೊಂಡು, ಪಕ್ಕದ ಮನೆ ಪಟ್ಟಲಮ್ಮ ಕೊಟ್ಟ ಸಾರಿನಲ್ಲಿ ಅದ್ದಿ ನುಂಗಿ, ಬೇವಿನ ಮರದ ಕೆಳಗೆ ಕೂತರೆ ಅವನ ದಿನ ಮುಗಿದಂತೆ. ತನ್ನನ್ನು ಬೈಯುವವರೂ ಇಲ್ಲವಲ್ಲ ಅನ್ನುವುದೇ ಅವನಿಗೆ ದೊಡ್ಡ ಸಂಕಟ.

ಅದು ತುರ್ತು ಪರಿಸ್ಥಿತಿಯ ಕಾಲ. ಜೀಪು ಕಂಡರೆ ಸಾಕು, ಗಂಡಸರೆಲ್ಲ ಕಬ್ಬಿನ ಗದ್ದೆಗೆ ನುಗ್ಗುತ್ತಿದ್ದರು. ಹಿಡಿದುಕೊಂಡು ಹೋಗಿ ಆಪರೇಷನ್ ಮಾಡಿಬಿಡುತ್ತಾರೆ ಅಂತ ಭಯ. ಆವತ್ತು ಚಲುವನಾರಾಯಣ ಜೀಪಿನಲ್ಲಿ ಬಂದಾಗಲೂ ಕೇರಿ ಬರಿದಾಯಿತು. ಮರಿಸಿದ್ದಯ್ಯ ಮಾತ್ರ ಮರದ ಕೆಳಗೆ ಕೂತಲ್ಲೇ ಕೂತಿದ್ದ.

"ಯಾಕೋ, ನೀನು ಓಡಲಿಲ್ವಾ?" ಚಲುವನಾರಾಯಣ ಕೇಳಿದ. ಮದ್ದೂರು ಪೇಟೆಯವನು, ಇಸ್ತ್ರಿ ಮಾಡಿದ ಷರಟು. ಯಾವ ಕಂಪನಿ ಬಂದರೂ ಜನ ಒದಗಿಸಿಕೊಡುವುದು ಅವನ ಕಸುಬು.

"ನನ್ನತ್ರ ಏನ್ ಕಿತ್ಕತರೆ ಬುದ್ಧಿ. ಎಡ್ತಿ ಇಲ್ಲ, ಮಕ್ಳಿಲ್ಲ."

"ಆಪರೇಷನ್ ಅಲ್ಲ ಕಣೋ. ಬೊಂಬಾಯಿ ಕಂಪನಿ, ಚಳಿಜ್ವರದ ಮಾತ್ರೆ ಮಾಡಿದ್ದಾರೆ. ನುಂಗೋದು, ಆಗಾಗ ಒಂಚೂರು ರಕ್ತ ಕೊಡೋದು. ಮದ್ದೂರಿನ ಛತ್ರದಲ್ಲಿ ಇರೋದು. ಊಟ ಅವರದೇ, ಕೂಲಿ ಬೇರೆ."

"ಅಲ್ಲಿ ಜನ ಇರ್ತರಾ ಬುದ್ಧಿ?"

"ಇರದೆ ಏನು? ಜನಾನೇ ಜನ."

"ಅಂಗಾರೆ ಬತ್ತೀನಿ."

ಕೂಲಿ ಎಷ್ಟು ಅಂತ ಅವನು ಕೇಳಲೇ ಇಲ್ಲ. ಅವನು ಬರುತ್ತಾನೆ ಅಂದದ್ದು ಕಂಡು ಕಬ್ಬಿನ ಗದ್ದೆಯಿಂದ ಒಬ್ಬೊಬ್ಬರೇ ಎದ್ದು ಬಂದರು.

ಛತ್ರ ಹಳೆಯದು. ಮುಂದೆ ಕಲ್ಲುಕಂಬದ ಒಳಹಜಾರ. ಹಿಂದೆ, ಯಾತ್ರೆಯವರು ಗಾಡಿ ಎತ್ತು ಕಟ್ಟುತ್ತಿದ್ದ ಕೊಟ್ಟಿಗೆ. ನಡುವೆ ಅಡುಗೆಮನೆ, ಅಂಗಳ. ಕೊತ್ತತ್ತಿ, ಕೊಪ್ಪ, ಮಳವಳ್ಳಿ ಕಡೆಯಿಂದ ಬಂದವರು ಅಂಗಳದಲ್ಲಿ ಗುಂಪು ಗುಂಪಾಗಿ ನಿಂತಿದ್ದರು. ಬಂದವರೆಲ್ಲ ಬಡವರೇ. ಗೌಡರ ಪೈಕಿಯವರಾದರೂ ನೆಲ ಇಲ್ಲದ ಗೌಡರು. ಆದರೂ ನಿಲ್ಲುವಾಗ ಮಾತ್ರ ಎಲ್ಲರಿಗೂ ತಂತಮ್ಮ ಜಾಗ ಗೊತ್ತಿತ್ತು.

ಬೆಂಗಳೂರಿನಿಂದ ವೇದವತಿ ಅನ್ನುವ ಹೆಣ್ಣುಮಗಳು ಬಂದಿದ್ದಳು. ಕನ್ನಡಕ, ಹತ್ತಿಯ ಸೀರೆ. ಡಾಕ್ಟರಲ್ಲ; ಲೆಕ್ಕ ಕಟ್ಟುವವಳು. ಯಾರಿಗೆ ಯಾವ ಮಾತ್ರೆ, ಎಷ್ಟು ಜನಕ್ಕೆ, ಹೇಗೆ ಅಂತ ಗೊತ್ತುಮಾಡುವುದು ಅವಳ ವಿದ್ಯೆ. ಅವಳು ಕಟ್ಟೆಯ ಮೇಲೆ ನಿಂತು ಮಕ್ಕಳಿಗೆ ಹೇಳುವಷ್ಟು ನಿಧಾನವಾಗಿ ಹೇಳಿದಳು.

"ವಿಲಾಯಿತಿಯವರ ಹಳೇ ಮಾತ್ರೆ ಒಂದಿದೆ. ಬೊಂಬಾಯಿಯವರ ಹೊಸ ಮಾತ್ರೆ ಒಂದಿದೆ. ಎರಡರಲ್ಲೂ ಒಂದೇ ಔಷಧಿ. ನುಂಗಿದ ಮೇಲೆ ಎರಡೂ ರಕ್ತಕ್ಕೆ ಒಂದೇ ಸಮ ಇಳಿಯುತ್ತಾ ಅಂತ ನೋಡಬೇಕು. ಬೇರೆ ಔಷಧಿ ಆಗಿದ್ದರೆ ಒಬ್ಬರಿಗೇ ಈ ವಾರ ಅದು, ಆ ವಾರ ಇದು ಕೊಡಬಹುದಿತ್ತು. ಇದು ತಿಂಗಳುಗಟ್ಟಲೆ ರಕ್ತದಲ್ಲೇ ಕೂತಿರುತ್ತೆ. ಅದಕ್ಕೇ ನಿಮ್ಮಲ್ಲಿ ಎರಡು ಗುಂಪು."

"ಯಾರ್ಯಾರು ಎಲ್ಲೆಲ್ಲಿಗೆ ತಾಯಿ?" ಯಾರೋ ಕೇಳಿದರು.

"ಅದನ್ನ ನಾನೂ ಹೇಳಲ್ಲ, ಇವರೂ ಹೇಳಲ್ಲ. ಚೀಟಿ ಹೇಳುತ್ತೆ. ದಪ್ಪಗಿರೋರು, ಸಣ್ಣಗಿರೋರು, ಹೊಟ್ಟೆತುಂಬ ಉಂಡೋರು, ಅರೆಹೊಟ್ಟೇಲಿ ಇರೋರು, ಎಲ್ಲ ಎರಡೂ ಕಡೆ ಹಂಚಿಹೋಗಬೇಕು. ಆಗಲೇ ಎರಡು ಗುಂಪು ಸರಿಸಮ. ಇದರಲ್ಲಿ ಮನುಷ್ಯ ಕೈ ಹಾಕಬಾರದು. ಬಿಳಿ ಚೀಟಿ ಬಂದವರು ಒಳಹಜಾರ, ಹಳೇ ಮಾತ್ರೆ. ಹಸಿರು ಬಂದವರು ಹಿಂದಿನ ಕಟ್ಟಡ, ಹೊಸ ಮಾತ್ರೆ."

ಮನುಷ್ಯ ಕೈ ಹಾಕಬಾರದು. ಮರಿಸಿದ್ದಯ್ಯ ಆ ಮಾತನ್ನು ಮನಸ್ಸಿನಲ್ಲೇ ಮತ್ತೆ ಹೇಳಿಕೊಂಡ. ಎಲ್ಲಿ ನಿಲ್ಲಬೇಕು, ಎಲ್ಲಿ ಕೂರಬೇಕು, ಯಾವ ಬಾವಿ, ಯಾವ ದಾರಿ, ಹುಟ್ಟಿದಾಗಿನಿಂದ ಅವನಿಗೆ ಇದನ್ನೆಲ್ಲ ಯಾರೋ ಒಬ್ಬರು ಹೇಳುತ್ತಲೇ ಬಂದಿದ್ದರು. ಯಾರೂ ಹೇಳದ ಜಾಗ ಒಂದಿದೆ ಅಂತ ಅವನಿಗೆ ಇವತ್ತೇ ಗೊತ್ತಾಗಿದ್ದು.

ಮಡಕೆಗೆ ಕೈ ಹಾಕಿ ಚೀಟಿ ಎತ್ತಿದ. ಬಿಳಿ.

ಚೀಟಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಒಳಹಜಾರದ ಕಂಬಗಳನ್ನು ನೋಡಿದ. ಅಲ್ಲಿ ಜನ ಸಾಲಾಗಿ ಮಲಗುತ್ತಾರೆ, ಮಾತಾಡುತ್ತಾರೆ, ಗೋಡೆಯ ಈಚೆ ಕೂತು ಕೇಳಿಸಿಕೊಳ್ಳಬೇಕಾಗಿಲ್ಲ. ವೇದವತಿ ಸಾಯಂಕಾಲದ ರೈಲಿಗೆ ಹೊರಟುಹೋದಳು. ಅವಳ ಬೆನ್ನು ಮರೆಯಾದದ್ದೇ ಚಲುವನಾರಾಯಣ ಎಲ್ಲರ ಚೀಟಿ ಇಸಿದುಕೊಳ್ಳುತ್ತಾ ಬಂದ.

"ನಿಂದು ಹಸಿರು ಕಣೋ ಮರಿಸಿದ್ದ. ಕೊಟ್ಟಿಗೆಗೆ ನಡಿ."

"ಬಿಳೀದು ಬುದ್ಧಿ. ನೋಡಿ ಬೇಕಾರೆ."

ಚಲುವನಾರಾಯಣ ನೋಡಿದ. ನೋಡಿ ಜೇಬಿಗೆ ಹಾಕಿಕೊಂಡ. ಇನ್ನೊಂದು ಜೇಬಿನಿಂದ ಹಸಿರು ಚೀಟಿ ತೆಗೆದು ಅವನ ಕೈಗಿಟ್ಟ.

"ಬಿಳಿ ಆದರೂ ಹಸಿರೇ. ನಿನಗೆ ಗೊತ್ತಿಲ್ವಾ?"

ಗೊತ್ತಿಲ್ಲದೆ ಏನು. ಮರಿಸಿದ್ದಯ್ಯ ಹಿಂದಕ್ಕೆ ನಡೆದ.

ಕೊಟ್ಟಿಗೆಯಲ್ಲಿ ಕೇರಿಗಳವರೆಲ್ಲ ಇದ್ದರು. ಪೇಟೆಯ ಬಾಬು ಜಾನ್ ಕೂಡ ಇದ್ದ. ಅವನು ಪಂಪ್‌ಸೆಟ್ಟು ರಿಪೇರಿಯವನು. ಬೆಲ್ಟಿಗೆ ಸಿಕ್ಕಿ ಬೆರಳು ಹೋದ ಮೇಲೆ ಕೆಲಸ ಕೊಡುವವರಿರಲಿಲ್ಲ.

"ನಂದೂ ಬಿಳೀನೇ ಇತ್ತು ಸಿದ್ದಣ್ಣ," ಅಂದ ಬಾಬು ಜಾನ್. "ಕೇಳದ್ಕೂ ಮುಂಚೇನೇ ಕೊಟ್ಬುಟ್ಟೆ. ಯಾಕ್ ಬೇಕು ಜಗ್ಳ."

"ನಂಗೆ ಬಿದ್ದಿದ್ದಲ್ವಾ ಅದು?"

"ಬಿದ್ರೆ ಏನಾಯ್ತು. ಮಾತ್ರೆ ನುಂಗು, ಉಣ್ಣು, ಮನೀಕೊ."

ಮಾತ್ರೆ ನುಂಗಿದರು. ಕಂಪನಿಯ ಡಾಕ್ಟರು ತೋಳಿಗೆ ರಬ್ಬರು ಬಿಗಿದು ರಕ್ತ ಎಳೆದರು. ಊಟ ಒಂದೇ ಪಾತ್ರೆಯದು, ಸುಳ್ಳು ಹೇಳಬಾರದು. ಆದರೆ ಒಳಹಜಾರದಲ್ಲಿ ಮುತ್ತುಗದ ಎಲೆ ಹಾಕಿ ಬಡಿಸಿ, ಅವರು ಕೈ ತೊಳೆದ ಮೇಲೆ ಉಳಿದದ್ದು ಕೊಟ್ಟಿಗೆಗೆ ಬರುತ್ತಿತ್ತು. ಒಂದೊಂದು ದಿನ ಉಳಿಯುತ್ತಿತ್ತು, ಒಂದೊಂದು ದಿನ ಉಳಿಯುತ್ತಿರಲಿಲ್ಲ. ತಗಡಿನ ತಟ್ಟೆ ತಾವೇ ತೊಳೆದು ಬೋರಲು ಹಾಕಬೇಕು.

ಹೊಸ ಮಾತ್ರೆ ಮೈಗೆ ಒಗ್ಗಲಿಲ್ಲ. ಅಂಗಾಲಿನಿಂದ ನೆತ್ತಿಯವರೆಗೆ ನವೆ. ಕೆಲವರಿಗೆ ವಾಂತಿ. ಒಬ್ಬೊಬ್ಬರೂ ಒಂದೊಂದು ಕಂಬಕ್ಕೆ ಬೆನ್ನು ಉಜ್ಜಿಕೊಂಡು, ಸುಸ್ತಾಗಿ, ಗೋಡೆಗೆ ಮುಖ ಮಾಡಿ ಮಲಗಿಬಿಡುತ್ತಿದ್ದರು. ಮಾತಿಲ್ಲ. ಜನ ಇರುತ್ತಾರೆ ಅಂತ ಬಂದವನಿಗೆ ಸಿಕ್ಕಿದ್ದು ಜನರ ಬೆನ್ನು. ಒಳಹಜಾರದಿಂದ ನಗು ಕೇಳುತ್ತಿತ್ತು. ಅಲ್ಲಿ ಕೊತ್ತತ್ತಿಯ ಚಿಕ್ಕಬೋರೇಗೌಡ ಅನ್ನುವವನು ಕಥೆ ಹೇಳುತ್ತಿದ್ದ. ಮರಿಸಿದ್ದಯ್ಯ ಕಿವಿಗೊಟ್ಟು ಕೇಳುತ್ತಿದ್ದ. ಆಲೆಮನೆಯಲ್ಲಾದರೆ ನಗುತ್ತಿದ್ದ. ಇಲ್ಲಿ ನಗು ಬರಲಿಲ್ಲ. ಆಲೆಮನೆಯ ಗೋಡೆಯಾಚೆಯ ಜಾಗ ಅವನದಾಗಿರಲಿಲ್ಲ, ಈ ಒಳಹಜಾರದ ಜಾಗ ಅವನದೇ ಆಗಿತ್ತು.

ಶಿಬಿರ ಮುಗಿಯುವ ಹೊತ್ತಿಗೆ ವೇದವತಿ ಮತ್ತೆ ಬಂದಳು. ಮುಖ ಗಂಟಿಕ್ಕಿತ್ತು. ಎರಡೂ ಕಡೆಯವರನ್ನು ಅಂಗಳಕ್ಕೆ ಕರೆಸಿ ಎದುರುಬದುರು ನಿಲ್ಲಿಸಿದಳು. ಈ ಸಾಲು ನೋಡಿದಳು, ಆ ಸಾಲು ನೋಡಿದಳು. ನೋಡುವುದಕ್ಕೆ ಕನ್ನಡಕವೇ ಬೇಕಿರಲಿಲ್ಲ. ಕೊಟ್ಟಿಗೆಯ ಸಾಲಿನಲ್ಲಿ ಎಲ್ಲರ ಪಕ್ಕೆಲುಬು ಎಣಿಸಬಹುದಿತ್ತು.

"ಹಸಿರು ಗುಂಪಿನ ರಕ್ತದಲ್ಲಿ ಔಷಧಿ ತುಂಬ ಜಾಸ್ತಿ ಇದೆ," ಅಂದಳು. "ಮಾತ್ರೆ ಬೇರೆಯಾಗಿದ್ದಕ್ಕೆ ಹಾಗಾಯ್ತೋ, ಮೈ ಬೇರೆಯಾಗಿದ್ದಕ್ಕೆ ಹಾಗಾಯ್ತೋ ನನಗೆ ಗೊತ್ತಾಗ್ತಿಲ್ಲ. ಚೀಟಿ ಎತ್ತಿದ್ದರೆ ಸಣಕಲಾಗಿರೋರೆಲ್ಲ ಹೇಗೆ ಒಂದೇ ಕಡೆ ಬಿದ್ದರು? ಚೀಟಿಯಂತೇ ಕಳಿಸಿದ್ರಾ?"

ಬಾಬು ಜಾನ್ ನೆಲ ನೋಡಿದ. ಚಲುವನಾರಾಯಣ, "ಚೀಟಿಯಂತೇ ಅಮ್ಮಾ," ಅಂದ.

"ನಂಗೆ ಬಿದ್ದಿದ್ದು ಬಿಳಿ ಚೀಟಿ ಕಣವ್ವ," ಅಂದ ಮರಿಸಿದ್ದಯ್ಯ.

ಅಂಗಳದಲ್ಲಿ ಎಲ್ಲರೂ ಅವನ ಕಡೆ ತಿರುಗಿದರು. ಮಾತು ಬಂದಾಗಿತ್ತು.

"ಇಲ್ಲಿರೋರ್‌ಗೆ ಸುಮಾರ್ ಜನುಕ್ಕೆ ಬಿಳೀದೇ ಬಿದ್ದಿತ್ತು. ಇಸ್ಕಂಡು ಅಸ್ರು ಕೊಟ್ರು."

ವೇದವತಿ ಚಲುವನಾರಾಯಣನ ಕಡೆ ನೋಡಿದಳು. ಅವನಿಗೆ ನಾಚಿಕೆಯೇನೂ ಆಗಲಿಲ್ಲ. ತಿಳಿಯದವರಿಗೆ ತಿಳಿಹೇಳುವವನ ಹಾಗೆ ಹೇಳಿದ.

"ನೀವು ಬೆಂಗಳೂರಿನಲ್ಲಿ ಕೂತು ಬರೆದುಬಿಡ್ತೀರಿ ಅಮ್ಮಾ. ಇವರನ್ನೂ ಅವರನ್ನೂ ಒಂದು ಪಂಕ್ತೀಲಿ ಕೂರಿಸಿದರೆ ಅವರು ಎದ್ದು ಹೋಗ್ತಾರೆ. ಅಡುಗೆಯವನು ಸೌಟು ಬಿಸಾಕ್ತಾನೆ. ಆಮೇಲೆ ಯಾರ ರಕ್ತ ತೆಗೀತೀರಿ? ನಿಮಗೆ ಬೇಕಾಗಿದ್ದದ್ದು ಎರಡು ಗುಂಪು ತಾನೆ? ಊರಲ್ಲಿ ಎರಡು ಗುಂಪು ಮೊದಲೇ ಇತ್ತಲ್ಲ, ಅದನ್ನೇ ಇಟ್ಟೆ."

ವೇದವತಿ ಎರಡೂ ಸಾಲನ್ನು ಮತ್ತೊಮ್ಮೆ ನೋಡಿದಳು. ಆಮೇಲೆ, "ಇದು ಲೆಕ್ಕಕ್ಕೆ ಬರಲ್ಲ," ಅಂದಳು. "ಎಲ್ಲ ರದ್ದು. ಈ ಔಷಧಿ ರಕ್ತದಿಂದ ಪೂರ್ತಿ ಹೋಗಲಿ. ಮುಂದಿನ ವರ್ಷ ಮೊದಲಿಂದ."

ರದ್ದಾಯಿತು ಅಂದ ಮೇಲೆ ಕೂಲಿಯೂ ಅರ್ಧವಾಯಿತು. ತಪ್ಪು ಮಾಡಿದ ಚಲುವನಾರಾಯಣನ ಕೂಲಿಯಲ್ಲ, ಮಾತ್ರೆ ನುಂಗಿದವರದು. ಕೊಪ್ಪಕ್ಕೆ ಹೋಗುವ ಬಸ್ಸಿನಲ್ಲಿ ಮರಿಸಿದ್ದಯ್ಯನ ಪಕ್ಕದ ಸೀಟು ಖಾಲಿ ಇತ್ತು. ಕೇರಿಯವರು ನಿಂತುಕೊಂಡೇ ಬಂದರು.

ಪಟ್ಟಲಮ್ಮನ ಗಂಡನೂ ಕೊಟ್ಟಿಗೆಯಲ್ಲಿದ್ದವನು. ಮಾರನೆಯ ಬೆಳಿಗ್ಗೆ ಅವಳು ಸಾರು ಕೊಡಲಿಲ್ಲ. ಬಾಗಿಲಲ್ಲಿ ನಿಂತು ಬೈದಳು.

"ನಿನ್ ಒಂದ್ ನಾಲ್ಗೆಯಿಂದ ನಮ್ ಮಕ್ಳ ಬಾಯ್ಗೆ ಮಣ್ ಬಿತ್ತಲ್ಲೋ. ನಿಂಗೇನು, ಒಂಟಿ ಆಳು. ಒಳ್ಗೋಗಿ ಮನಿಕ್ಕಳ್ದಿದ್ರೆ ನಿನ್ ಜೀವ ಓಯ್ತಿತ್ತಾ?"

ಅವಳು ಬೈದದ್ದು ನಿಜವೇ ಆಗಿತ್ತು. ಅವನು ಹೇಳಿದ್ದೂ ನಿಜವೇ ಆಗಿತ್ತು. ಎರಡು ನಿಜ ಒಂದೇ ಬೀದಿಯಲ್ಲಿ ಎದುರಾದರೆ ಬಡವನು ಯಾವ ಕಡೆ ಸರಿಯಬೇಕೋ ಅವನಿಗೆ ತಿಳಿಯಲಿಲ್ಲ.

ಆ ವರ್ಷ ಹೇಗೆ ಹೋಯಿತು ಅಂತ ಕೇಳಬೇಡಿ. ಗೌಡರು ಆಲೆಮನೆಗೆ ಕರೆಯಲಿಲ್ಲ. "ಬಿಳಿ ಚೀಟಿ" ಅಂತ ಅವನಿಗೆ ಹೆಸರು ಬಿತ್ತು. ದಾರಿಯಲ್ಲಿ ಸಿಕ್ಕವರು, "ಏನ್ಲಾ ಬಿಳಿ ಚೀಟಿ, ಒಳೀಕೆ ಓಯ್ತಿಯಾ?" ಅಂತ ಛೇಡಿಸುತ್ತಿದ್ದರು. ಕಾಲುವೆ ಹೂಳೆತ್ತಲು ದೂರದ ಊರುಗಳಿಗೆ ಹೋಗುತ್ತಿದ್ದ. ಅಲ್ಲಿ ಗುರುತಿನವರಿಲ್ಲ, ಛೇಡಿಸುವವರೂ ಇಲ್ಲ. ಅದು ಇನ್ನೂ ಕಷ್ಟವಾಗಿ ತಿರುಗಿ ಬಂದುಬಿಡುತ್ತಿದ್ದ. ಒಬ್ಬನೇ ಕೂತು ಉಣ್ಣುವ ಮುದ್ದೆಯನ್ನು ನೀರು ಕುಡಿದು ಇಳಿಸುತ್ತಿದ್ದ.

ದಿಲ್ಲಿಯಲ್ಲಿ ಸರ್ಕಾರ ಬದಲಾಯಿತು. ಜೀಪು ಕಂಡು ಓಡುವುದು ನಿಂತಿತು. ಮತ್ತೆ ಚಲುವನಾರಾಯಣನೇ ಬಂದ. ಜನ ಒದಗಿಸುವವರು ಬೇರೆ ಯಾರಿದ್ದಾರೆ? ಮರಿಸಿದ್ದಯ್ಯನನ್ನು ಅವನು ಕರೆಯಲಿಲ್ಲ. ಮರಿಸಿದ್ದಯ್ಯ ನಡೆದುಕೊಂಡೇ ಮದ್ದೂರಿಗೆ ಹೋಗಿ ಛತ್ರದ ಅಂಗಳದಲ್ಲಿ ನಿಂತ.

"ಇವನು ಬೇಡ ಅಮ್ಮಾ," ಅಂದ ಚಲುವನಾರಾಯಣ.

"ಯಾಕೆ ಬೇಡ? ವರ್ಷ ಕಳೆದಿದೆ. ಆರೋಗ್ಯ ಸರಿ ಇದ್ದರೆ ಸಾಕು," ಅಂದಳು ವೇದವತಿ.

ಈ ಸಲ ಅವಳು ರೈಲಿಗೆ ಹೊರಡಲಿಲ್ಲ. ಮಡಕೆಯ ಪಕ್ಕದಲ್ಲೇ ನಿಂತಳು. ಚೀಟಿ ಅವರವರ ಕೈಯಲ್ಲೇ ಇರಬೇಕು, ಯಾರೂ ಇಸಿದುಕೊಳ್ಳಬಾರದು ಅಂದಳು. ಮರಿಸಿದ್ದಯ್ಯನಿಗೆ ಯಾವುದು ಬಂದರೂ ಸರಿ ಅನ್ನಿಸಿತ್ತು. ಕೊಟ್ಟಿಗೆಯದು ಬಂದರೆ ಕೊಟ್ಟಿಗೆಗೆ ಹೋಗುತ್ತೇನೆ, ಅದೂ ನನ್ನದೇ ಚೀಟಿ ಅಂದುಕೊಂಡೇ ಕೈ ಹಾಕಿದ. ಬಂದದ್ದು ಒಳಹಜಾರ.

ಕೇರಿಯವರಲ್ಲಿ ಇನ್ನೂ ಎಷ್ಟೋ ಜನಕ್ಕೆ ಒಳಹಜಾರವೇ ಬಂದಿತ್ತು. ಗೌಡರ ಪೈಕಿ ಎಷ್ಟೋ ಜನಕ್ಕೆ ಕೊಟ್ಟಿಗೆ ಬಂದಿತ್ತು. ಚೀಟಿಗೆ ಏನು ಗೊತ್ತು. ಆದರೆ ಊಟದ ಗಂಟೆ ಬಾರಿಸಿದಾಗ ಎಲ್ಲರೂ ಮಾತಿಲ್ಲದೆ ತಂತಮ್ಮ ಕಡೆ ನಡೆದರು. ಕೊಟ್ಟಿಗೆಯ ಚೀಟಿ ಹಿಡಿದ ಗೌಡರು ಒಳಗೆ ಬಂದು ಎಲೆಯ ಮುಂದೆ ಕೂತರು. ಒಳಹಜಾರದ ಚೀಟಿ ಹಿಡಿದ ಕೇರಿಯವರು ಹಿಂದಕ್ಕೆ ಹೋಗಿ ತಟ್ಟೆ ತೆಗೆದುಕೊಂಡರು. ವೇದವತಿ, "ಹಾಗಲ್ಲ, ಹಾಗಲ್ಲ," ಅನ್ನುತ್ತಾ ಅಂಗಳದಲ್ಲಿ ಅತ್ತಿಂದಿತ್ತ ಓಡಾಡಿದಳು. ಅವಳ ಮಾತು ಯಾರಿಗೂ ಕೇಳಿಸಿದ ಹಾಗೆ ಕಾಣಲಿಲ್ಲ.

ಮರಿಸಿದ್ದಯ್ಯ ಕಾಲು ತೊಳೆದುಕೊಂಡು ಹೊಸಿಲು ದಾಟಿದ. ಸಾಲಿನ ನಡುವೆ ಒಂದು ಎಲೆ ಖಾಲಿ ಇತ್ತು. ಅಲ್ಲಿ ಕೂತ.

ಪಕ್ಕದಲ್ಲಿದ್ದವನು ಚಿಕ್ಕಬೋರೇಗೌಡ. ಕಥೆ ಹೇಳುತ್ತಿದ್ದವನು.

"ಇದ್ಯಾಕ್ಲಾ ಮರಿಸಿದ್ದ?" ಅಂದ. ಕೋಪ ಇರಲಿಲ್ಲ, ಗಾಬರಿ ಇತ್ತು.

"ನನ್ ಚೀಟಿ ಇಲ್ಲೀದು ಗೌಡ್ರೇ."

"ಅದ್ ಸರಿ ಕಣ. ಆದ್ರೂ."

ಆದರೂ ಅಂದವನು ಎದ್ದ. ಅವನ ಪಕ್ಕದವನು ಎದ್ದ. ಆ ಕಡೆಯ ಸಾಲು, ಈ ಕಡೆಯ ಸಾಲು, ಪಂಚೆ ಕೊಡವಿಕೊಂಡು ಎಲ್ಲರೂ ಎದ್ದು ಅಂಗಳಕ್ಕೆ ಹೋದರು. ಅಡುಗೆಯವನು ಮುದ್ದೆಯ ಬುಟ್ಟಿ, ಸಾರಿನ ಬಕೀಟು ನಡುವೆ ಇಟ್ಟು ಕೈ ಕಟ್ಟಿ ನಿಂತ.

ಕೊಟ್ಟಿಗೆಯಿಂದ ಬಾಬು ಜಾನ್ ಓಡಿ ಬಂದ.

"ಸಿದ್ದಣ್ಣ, ಎದ್ ಬಾ. ಈ ಸಲಾನೂ ರದ್ದಾದ್ರೆ ನನ್ ಮನೆ ಒಲೆ ಉರಿಯಲ್ಲ. ನಿಂಗೆ ಕೈ ಮುಗೀತೀನಿ."

ಮರಿಸಿದ್ದಯ್ಯನನ್ನು ಅಣ್ಣ ಅನ್ನುತ್ತಿದ್ದವನು ಇವನೊಬ್ಬನೇ.

"ನಿನ್ ಒಲೆ ನಾನ್ ಆರ್ಸ್ತಿಲ್ಲ ಬಾಬು. ಎದ್ದೋದೋರ್ನ ಕೇಳು."

"ಅವ್ರ್ನ ಯಾರ್ ಕೈಲಿ ಕೇಳಕ್ಕಾಯ್ತದೆ?"

"ಅದೇ ಕಣಪ್ಪ. ಎಲ್ರೂ ನನ್ನೇ ಕೇಳ್ತೀರ."

ಬಾಬು ಜಾನ್ ಕಣ್ಣು ಒರೆಸಿಕೊಂಡು ಹೊರಟುಹೋದ. ಆಮೇಲೆ ವೇದವತಿ ಬಂದಳು. ಎದುರಿಗೆ ಬರಿ ನೆಲದ ಮೇಲೆ ಕೂತಳು. ಅವಳ ದನಿ ಸಣ್ಣಗಾಗಿತ್ತು.

"ಮರಿಸಿದ್ದಯ್ಯ, ನಿಮ್ಮದೇ ಸರಿ. ಆದರೆ ಒಬ್ಬರಿಂದ ಗುಂಪು ಆಗಲ್ಲ. ಒಬ್ಬರ ರಕ್ತದಿಂದ ಲೆಕ್ಕ ಆಗಲ್ಲ. ಕಂಪನಿಯವರು ಇದನ್ನ ಮುಚ್ಚಿ ಬೇರೆ ಊರಿಗೆ ಹೋಗ್ತಾರೆ. ಊಟ ಒಂದು ಅಲ್ಲಿ ಮಾಡಿಬಿಡಿ. ಮಾತ್ರೆ ನಿಮ್ಮ ಚೀಟಿಯದೇ ಕೊಡ್ತೀನಿ."

"ಮನ್ಸ ಕೈ ಆಕ್ಬಾರ್ದು ಅಂತ ನೀವೇ ಯೋಳಿದ್ರಲ್ಲವ್ವ."

"ಹೇಳಿದ್ದೆ."

"ಈಗ ನೀವೂ ಆಕ್ತಿದ್ದೀರಿ."

ಅವಳು ತಲೆ ತಗ್ಗಿಸಿದಳು. ಒಳ್ಳೆಯವಳು. ಒಳ್ಳೆಯವಳಾಗಿದ್ದಕ್ಕೇ ಮರಿಸಿದ್ದಯ್ಯನಿಗೆ ಇನ್ನೂ ಸಂಕಟವಾಯಿತು. ಚಲುವನಾರಾಯಣ ಎಬ್ಬಿಸಿದ್ದರೆ ಒಂದು, ಇವಳೂ ಎಬ್ಬಿಸಬೇಕೆ? ಅವಳು ಎದ್ದು ಕಂಬದ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಂತಳು.

ಮರಿಸಿದ್ದಯ್ಯ ಎದ್ದ. ಅಂಗಳದಲ್ಲಿ ಉಸಿರು ಬಿಟ್ಟ ಸದ್ದು ಕೇಳಿತು. ಹೊರಟ ಅಂದುಕೊಂಡರು.

ಅವನು ನಡುವೆ ಇದ್ದ ಮುದ್ದೆಯ ಬುಟ್ಟಿಗೆ ಕೈ ಹಾಕಿದ. ಅಡುಗೆಯವನು "ಲೇ" ಅಂದು ಅಲ್ಲೇ ನಿಂತ. ಮರಿಸಿದ್ದಯ್ಯ ಬುಟ್ಟಿ ಎತ್ತಿ ಸೊಂಟಕ್ಕೆ ಇಟ್ಟುಕೊಂಡು ಸಾಲಿನ ತುದಿಗೆ ಹೋದ. ಮೊದಲನೆ ಎಲೆಗೆ ಒಂದು ಮುದ್ದೆ ಇಟ್ಟ. ಪಕ್ಕದ ಎಲೆಗೆ ಇನ್ನೊಂದು. ಹಾಗೇ ಸಾಲು ಪೂರ್ತಿ ಬಗ್ಗಿ ಬಗ್ಗಿ ಇಟ್ಟ. ಎದುರು ಸಾಲಿಗೂ ಇಟ್ಟ. ಆಮೇಲೆ ಬಕೀಟು ತೆಗೆದುಕೊಂಡು ಎಲ್ಲ ಎಲೆಗೂ ಹುರುಳಿ ಸಾರು ಬಿಟ್ಟ. ಕೈ ತೊಳೆದುಕೊಂಡು ಬಂದು ತನ್ನ ಎಲೆಯ ಮುಂದೆ ಕೂತ. ಸಾರಿನ ಹಬೆ ಹಜಾರದ ತುಂಬ ಏಳುತ್ತಿತ್ತು.

ಬಡಿಸಿದ ಮೇಲೆ ಪಂಕ್ತಿಯವರೆಲ್ಲ ಕೂರದೆ ಉಣ್ಣಲು ಶುರುಮಾಡುವ ಹಾಗಿಲ್ಲ. ಅವನು ಕೈ ತೊಡೆಯ ಮೇಲಿಟ್ಟುಕೊಂಡು ಕಾದ.

"ಬನ್ರಪ್ಪ," ಅಂದ ಬಾಗಿಲಿನ ಕಡೆ ನೋಡಿ. "ಎಲ್ಲರ್‌ಗೂ ಇಕ್ಕಿವ್ನಿ. ಆರೋಯ್ತದೆ."

ಚಿಕ್ಕಬೋರೇಗೌಡ ಹೊಸಿಲಿನ ಆಚೆ ನಿಂತಿದ್ದ. ಬೆಳಿಗ್ಗೆಯಿಂದ ಅವನೂ ಏನೂ ತಿಂದಿರಲಿಲ್ಲ. ಅವನ ಕಣ್ಣು ತನ್ನ ಎಲೆಯ ಮೇಲಿತ್ತು. ಅವನ ಹಿಂದೆ ಕೇರಿಯವರು ಖಾಲಿ ತಟ್ಟೆ ಹಿಡಿದು ನಿಂತಿದ್ದರು. ಉಳಿದದ್ದು ಅಂತ ಅವರಿಗೆ ಬರಲು ಇವತ್ತು ಏನೂ ಇರಲಿಲ್ಲ. ಇದ್ದದ್ದೆಲ್ಲ ಎಲೆಗಳ ಮೇಲಿತ್ತು, ಅವರ ಚೀಟಿಯ ಎಲೆಗಳ ಮೇಲೆ. ಬಾಬು ಜಾನ್ ಒಂದು ಹೆಜ್ಜೆ ಮುಂದಿಟ್ಟು ಗೌಡನ ಮುಖ ನೋಡಿ ನಿಂತ.

ಹಬೆ ಸಣ್ಣಗಾಯಿತು. ಮರಿಸಿದ್ದಯ್ಯ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಒಂದೊಂದು ಎಲೆಯ ಮುಂದೂ ಒಂದೊಂದು ಆಳಿನಷ್ಟು ಜಾಗ ಖಾಲಿ ಇತ್ತು.

ಯಾರೂ ಹೊಸಿಲು ದಾಟಲಿಲ್ಲ. ಅವನು ಮುದ್ದೆ ಮುರಿದ.